ಕಣ್ಣುರೆಪ್ಪೆ ಸರ್ಜರಿ ಮಾಡಿಸ್ಕೋಬೇಕು ಅಂತಿದ್ದೀರಾ? ಪದೇ ಪದೇ ಕೇಳೋ ಪ್ರಶ್ನೆಗಳು

ಕಣ್ಣಿನ ಮೇಲೆ ಚರ್ಮ ಜೋತುಬಿದ್ದಿದೆ, ಕೆಳಗೆ ಚೀಲ ಬಂದಿದೆ, ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ರೂ "ಯಾಕೆ ಸುಸ್ತಾಗಿದೀಯಾ" ಅಂತಾರೆ, ಆಪರೇಷನ್ ಮಾಡಿಸ್ಬಿಡ್ಲಾ ಅಂತ ಕೇಳೋರು ತುಂಬಾ ಜನ. ನಾನು ಡಾಕ್ಟರ್ ಅಲ್ಲ. ನಮ್ಮಕ್ಕ ಮೇಲಿನ ರೆಪ್ಪೆ ಸರ್ಜರಿ ಮಾಡಿಸ್ಕೊಂಡಾಗ ಮೊದಲ ಕನ್ಸಲ್ಟೇಷನ್‌ನಿಂದ ಸ್ಟಿಚ್ ಬಿಚ್ಚೋವರೆಗೂ ಜೊತೆಗಿದ್ದೆ, ಆಗ ತಲೆಕೆಡಿಸ್ಕೊಂಡು ಓದಿದ್ದು, ಡಾಕ್ಟರ್ ಹತ್ರ ಕೇಳಿ ತಿಳ್ಕೊಂಡಿದ್ದು ಎಲ್ಲಾ ಸೇರಿಸಿ ಇಲ್ಲಿ ಬರೆದಿದೀನಿ. ನಿಮ್ಮ ಕಣ್ಣು ನೋಡಿ ಹೇಳಬೇಕಾದವರು ನಿಮ್ಮ ಡಾಕ್ಟರೇ, ಅವರ ಹತ್ರ ಹೋಗೋಕೆ ಮುಂಚೆ ಓದ್ಕೊಳ್ಳಿ ಅಷ್ಟೇ.

ಈ ಸರ್ಜರಿಲಿ ಏನ್ ಮಾಡ್ತಾರೆ?

ಇದಕ್ಕೆ ಬ್ಲೆಫರೋಪ್ಲಾಸ್ಟಿ ಅಂತಾರೆ. 1818ರಲ್ಲಿ ಫಾನ್ ಗ್ರೇಫೆ ಅನ್ನೋ ಜರ್ಮನ್ ಸರ್ಜನ್ ಈ ಹೆಸರು ಬಳಸಿದ್ದು ಕ್ಯಾನ್ಸರ್‌ನಿಂದ ಹಾಳಾದ ರೆಪ್ಪೆ ಸರಿಮಾಡೋ ಆಪರೇಷನ್‌ಗೆ, ಅಂದಕ್ಕೋಸ್ಕರ ಮಾಡೋದೆಲ್ಲ ಆಮೇಲೆ ಬಂದಿದ್ದು. ಮೇಲಿನ ರೆಪ್ಪೆ ಆದ್ರೆ ಕಣ್ಣು ತೆರೆದಾಗ ಮಡಚ್ಕೊಳ್ಳೋ ಗೆರೆ ಇದೆಯಲ್ಲ ಅಲ್ಲೇ ಕೊಯ್ದು ಹೆಚ್ಚಾಗಿರೋ ಚರ್ಮ ತೆಗೀತಾರೆ, ಬೇಕಾದ್ರೆ ಸ್ವಲ್ಪ ಸ್ನಾಯು, ಸ್ವಲ್ಪ ಕೊಬ್ಬು ಕೂಡ. ಕೆಳಗಿನ ರೆಪ್ಪೆ ಆದ್ರೆ ಮುಖ್ಯವಾಗಿ ಕೊಬ್ಬಿನ ಕೆಲಸ. ರೆಪ್ಪೆ ಒಳಗಿನ ಕೆಂಪು ಭಾಗದಿಂದ ಹೋಗಬಹುದು, ಹಾಗೆ ಮಾಡಿದ್ರೆ ಹೊರಗೆ ಗಾಯಾನೇ ಕಾಣಲ್ಲ, ಚರ್ಮಾನೂ ತೆಗೀಬೇಕು ಅಂದ್ರೆ ಎವೆ ಕೂದಲಿನ ಸ್ವಲ್ಪ ಕೆಳಗೆ ಹೊರಗಿಂದ ಕೊಯ್ತಾರೆ. ಮೊದಲೆಲ್ಲ ಕೊಬ್ಬು ಪೂರ್ತಿ ತೆಗೆದು ಬಿಸಾಕ್ತಿದ್ರು, ಈಗ ತುಂಬಾ ಸರ್ಜನ್‌ಗಳು ಅದನ್ನೇ ಕೆಳಗೆ ಜರುಗಿಸಿ ಕಣ್ಣಿಗೂ ಕೆನ್ನೆಗೂ ಮಧ್ಯೆ ಇರೋ ಹಳ್ಳಕ್ಕೆ ಕೂರಿಸ್ತಾರೆ.

ನನ್ನ ಸಮಸ್ಯೆಗೆ ಇದೇ ಸರ್ಜರಿ ಬೇಕಾ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಆದ್ರೆ ಜನ ಇದನ್ನ ಬಿಟ್ಟು ಎಷ್ಟು ದಿನ ರಜೆ ಬೇಕು, ಎಷ್ಟು ಖರ್ಚು ಅಂತ ಶುರು ಮಾಡ್ತಾರೆ. ಕನ್ನಡೀಲಿ ನೋಡ್ಕೊಂಡಾಗ ಎಲ್ಲರಿಗೂ ಕಾಣೋದು "ಕಣ್ಣು ಸುಸ್ತಾಗಿದೆ" ಅಷ್ಟೇ, ಅದರ ಹಿಂದಿನ ಕಾರಣ ಬೇರೆ ಬೇರೆ, ಒಂದೊಂದಕ್ಕೂ ಉಪಾಯ ಬೇರೆ.

ಮೇಲಿನ ರೆಪ್ಪೆದು ಮೊದಲು ನೋಡೋಣ. ಕನ್ನಡಿ ಮುಂದೆ ನಿಂತು ಕಣ್ಣು ಮುಚ್ಚಿ, ಹಣೆ ಪೂರ್ತಿ ಸಡಿಲ ಬಿಡಿ, ಆಮೇಲೆ ಹುಬ್ಬು ಎತ್ತದೆ ನಿಧಾನಕ್ಕೆ ಕಣ್ಣು ಬಿಡಿ. ಚರ್ಮ ಮಡಚಿ ಎವೆ ಮೇಲೆ ಕೂತಿದ್ರೆ ಅದು ಚರ್ಮದ ವಿಷಯ, ಬ್ಲೆಫರೋಪ್ಲಾಸ್ಟಿ ಮಾಡೋದೇ ಅದಕ್ಕೆ. ಚರ್ಮ ಸರಿಯಾಗೇ ಇದೆ ಆದ್ರೆ ರೆಪ್ಪೆಯ ಅಂಚೇ ಕೆಳಗಿಳಿದು ಕರಿಗುಡ್ಡೆ ಮುಚ್ತಿದೆ ಅಂದ್ರೆ ಅದು ಟೋಸಿಸ್, ರೆಪ್ಪೆ ಎತ್ತೋ ಸ್ನಾಯು ಅಥವಾ ಅದರ ಪಟ್ಟಿ ಸಡಿಲ ಆಗಿರೋದು. ಇಲ್ಲಿ ಬರೀ ಚರ್ಮ ಕತ್ತರಿಸಿದ್ರೆ ದುಡ್ಡು ದಂಡ, ಆ ಪಟ್ಟೀನೇ ಬಿಗಿ ಮಾಡ್ಬೇಕು. ವರ್ಷಗಟ್ಟಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕೋರಿಗೆ, ಅದರಲ್ಲೂ ಗಟ್ಟಿ ಲೆನ್ಸ್ ಹಾಕೋರಿಗೆ, ಇದು ಚಿಕ್ಕ ವಯಸ್ಸಲ್ಲೇ ಬರಬಹುದು. ಮೂರನೇದು ಹುಬ್ಬು. ಹುಬ್ಬು ಇಳಿದು ಅದರ ಭಾರಕ್ಕೆ ಚರ್ಮ ಕೆಳಗೆ ತಳ್ಳಿಸ್ಕೊಂಡಿರುತ್ತೆ, ಬೆರಳಲ್ಲಿ ಹುಬ್ಬು ಸ್ವಲ್ಪ ಮೇಲೆತ್ತಿ ಹಿಡಿದ್ರೆ ರೆಪ್ಪೆ ತಾನಾಗೇ ಸರಿಯಾಗುತ್ತೆ. ಅಂಥವರಿಗೆ ರೆಪ್ಪೆಯಿಂದ ಜಾಸ್ತಿ ಚರ್ಮ ತೆಗೆದ್ರೆ ಹುಬ್ಬು ಇನ್ನೂ ಕೆಳಗೆ ಬಂದು ಮುಖ ಸಿಟ್ಟಾದಂಗೆ ಕಾಣ್ಬಹುದು.

ಕೆಳಗಿನ ಚೀಲಕ್ಕೂ ಇದೇ ತರ ವಿಚಾರಣೆ ಬೇಕು. ಬೆಳಗ್ಗೆ ಜಾಸ್ತಿ ಇದ್ದು ಸಾಯಂಕಾಲಕ್ಕೆ ಇಳಿಯುತ್ತೆ ಅಂದ್ರೆ ಅದು ಹೆಚ್ಚಾಗಿ ನೀರು ತುಂಬ್ಕೊಳ್ಳೋದು, ಉಪ್ಪು, ಅಲರ್ಜಿ, ನಿದ್ದೆ, ಕೆಲವೊಮ್ಮೆ ಥೈರಾಯ್ಡ್ ಅಥವಾ ಕಿಡ್ನಿ ತೊಂದರೆ ಕಾರಣ ಇರುತ್ತೆ, ಮೊದಲು ರಕ್ತ, ಮೂತ್ರ ಟೆಸ್ಟ್ ಮಾಡಿಸಿ. ಇಡೀ ದಿನ ಒಂದೇ ತರ ಇದೆ, ಕಣ್ಣು ಮೇಲೆತ್ತಿ ನೋಡಿದಾಗ ಇನ್ನೂ ಉಬ್ಬುತ್ತೆ ಅಂದ್ರೆ ಅದು ಕೊಬ್ಬು, ಅದಕ್ಕೆ ಸರ್ಜರಿ ಕೆಲಸ ಮಾಡುತ್ತೆ. ರೆಪ್ಪೆಗಿಂತ ಕೆಳಗೆ, ಕೆನ್ನೆ ಮೂಳೆ ಮೇಲೆ ಉಬ್ಬು ಇದ್ರೆ ಅದು ಬೇರೇನೇ, ಮಾಮೂಲಿ ಕೆಳರೆಪ್ಪೆ ಸರ್ಜರಿಲಿ ಹೋಗಲ್ಲ.

ಡಾರ್ಕ್ ಸರ್ಕಲ್? ಕಪ್ಪು ಚರ್ಮದ ಬಣ್ಣದಿಂದ ಬಂದಿದ್ರೆ ಸರ್ಜರಿಯಿಂದ ಹೋಗಲ್ಲ. ಉಬ್ಬಿದ ಚೀಲದ ನೆರಳು ಬಿದ್ದು ಕಪ್ಪಾಗಿ ಕಾಣ್ತಿದ್ರೆ ಮಾತ್ರ ಕಮ್ಮಿ ಆಗುತ್ತೆ. ಮುಖಕ್ಕೆ ನೇರವಾಗಿ ಬೆಳಕು ಬಿಟ್ಟು ನೋಡಿ, ಕಪ್ಪು ಮಾಯ ಆದ್ರೆ ನೆರಳು, ಹಂಗೇ ಇದ್ರೆ ಬಣ್ಣ. ನಕ್ಕಾಗ ಕಣ್ಣಿನ ಪಕ್ಕ ಬರೋ ಗೆರೆಗಳೂ ಇದರಿಂದ ಹೋಗಲ್ಲ.

ನಂದು ಒಂದೇ ಕಣ್ಣು ಇಳಿದಿದೆ, ಅದೂ ಇತ್ತೀಚೆಗೆ. ಸರ್ಜರಿ ಮಾಡಿಸ್ಲಾ?

ಕಾಸ್ಮೆಟಿಕ್ ಕ್ಲಿನಿಕ್‌ಗೆ ಹೋಗ್ಬೇಡಿ, ಮೊದಲು ಕಣ್ಣಿನ ಡಾಕ್ಟರ್ ಅಥವಾ ನ್ಯೂರಾಲಜಿಸ್ಟ್ ಹತ್ರ ಹೋಗಿ. ರೆಪ್ಪೆ ಇದ್ದಕ್ಕಿದ್ದಂಗೆ ಇಳಿದಿದ್ದು ಜೊತೆಗೆ ಒಂದು ಎರಡಾಗಿ ಕಾಣ್ತಿದೆ, ಎರಡೂ ಕಣ್ಣಿನ ಪಾಪೆ ಒಂದೇ ಸೈಜ್ ಇಲ್ಲ, ಜೋರು ತಲೆನೋವು ಇದೆ ಅಂದ್ರೆ ಅದು ಎಮರ್ಜೆನ್ಸಿ, ಮೆದುಳಿನ ರಕ್ತನಾಳ ಉಬ್ಬಿ ನರ ಒತ್ತುತ್ತಿರಬಹುದು, ಅವತ್ತೇ ಆಸ್ಪತ್ರೆ. ಬೆಳಗ್ಗೆ ಸರಿ ಇದ್ದು ಸಾಯಂಕಾಲ ಆಗ್ತಾ ಆಗ್ತಾ ರೆಪ್ಪೆ ಇಳೀತಾ ಹೋಗುತ್ತೆ ಅಂದ್ರೆ ಮಯಸ್ತೇನಿಯಾ ಅನ್ನೋ ಸ್ನಾಯು ಸುಸ್ತಾಗೋ ಕಾಯಿಲೆ ಇರಬಹುದು, ಅದಕ್ಕೆ ಮೊದಲು ಔಷಧಿ, ಕತ್ತರಿ ಅಲ್ಲ.

ಸರ್ಜರಿ ಇಲ್ದೆ ಕ್ರೀಮು, ಫಿಲ್ಲರ್, ಬೊಟಾಕ್ಸ್‌ನಲ್ಲಿ ಆಗಲ್ವಾ?

ಕ್ರೀಮ್ ಚರ್ಮದ ಒಣಗೋದು, ಸಣ್ಣ ಗೆರೆ, ಸ್ವಲ್ಪ ಬಣ್ಣ ನೋಡ್ಕೊಳ್ಳುತ್ತೆ, ಕೊಬ್ಬು ಕರಗಿಸಲ್ಲ, ಜೋತಿದ್ದು ಮೇಲೆತ್ತಲ್ಲ, ಡಬ್ಬಿ ಮೇಲೆ ಏನೇ ಬರೆದಿರ್ಲಿ. ಬೊಟಾಕ್ಸ್ (ಸ್ನಾಯು ಸಡಿಲ ಮಾಡೋ ಇಂಜೆಕ್ಷನ್) ಹುಬ್ಬಿನ ಬಾಲ ಒಂದೆರಡು ಮಿಲಿಮೀಟರ್ ಎತ್ತಬಹುದು, ಮೂರ್ನಾಲ್ಕು ತಿಂಗಳು ಇರುತ್ತೆ, ಆದ್ರೆ ಹಣೆಗೆ ಜಾಸ್ತಿ ಹಾಕ್ಬಿಟ್ರೆ ಹುಬ್ಬೇ ಇಳಿದು ರೆಪ್ಪೆ ಇನ್ನೂ ಭಾರ ಆಗುತ್ತೆ. ಫಿಲ್ಲರ್, ಅಂದ್ರೆ ಚರ್ಮದ ಕೆಳಗೆ ಚುಚ್ಚಿ ಹಳ್ಳ ತುಂಬಿಸೋ ಜೆಲ್ ತರದ್ದು, ಕಣ್ಣಿನ ಕೆಳಗಿನ ಹಳ್ಳಕ್ಕೆ ಒಳ್ಳೇದು, ಚೀಲಕ್ಕಲ್ಲ, ಚೀಲ ದೊಡ್ಡದಿದ್ದಾಗ ಫಿಲ್ಲರ್ ಹಾಕಿದ್ರೆ ಆ ಜಾಗ ಪೂರಾ ಊದ್ಕೊಂಡಂಗೆ ಕಾಣುತ್ತೆ. ಹಯಲ್ಯುರಾನಿಕ್ ಆಸಿಡ್ ಫಿಲ್ಲರ್ ಆದ್ರೆ ಬೇಡ ಅಂದಾಗ ಇಂಜೆಕ್ಷನ್‌ನಿಂದ ಕರಗಿಸ್ಬಹುದು ಅನ್ನೋದು ಒಂದು ಅನುಕೂಲ. ಆದ್ರೆ ಫಿಲ್ಲರ್ ಅಂದ್ರೆ ರಿಸ್ಕೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ತಪ್ಪಿ ರಕ್ತನಾಳಕ್ಕೆ ಹೋದ್ರೆ ದೃಷ್ಟಿನೇ ಹೋಗಬಹುದು, ಅಪರೂಪ ಆದ್ರೂ ಆಗಿದೆ.

ಟೋಸಿಸ್ ಸ್ವಲ್ಪ ಮಾತ್ರ ಇರೋರಿಗೆ ಆಕ್ಸಿಮೆಟಾಜೊಲಿನ್ 0.1% ಅನ್ನೋ ಕಣ್ಣಿನ ಡ್ರಾಪ್ಸ್‌ಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ಹಾಕಿದ ಮೇಲೆ ಕೆಲವು ಗಂಟೆ ರೆಪ್ಪೆ ಸ್ವಲ್ಪ ಎತ್ತುತ್ತೆ, ಆಮೇಲೆ ವಾಪಸ್. ಚರ್ಮ ಜೋತಿರೋರಿಗೆ ಅದರಿಂದ ಏನೂ ಉಪಯೋಗ ಇಲ್ಲ.

ಯಾವ ವಯಸ್ಸಲ್ಲಿ ಮಾಡಿಸ್ಬಹುದು?

ವಯಸ್ಸಿನ ಲೆಕ್ಕ ಇಲ್ಲ. ಮೇಲಿನ ರೆಪ್ಪೆಗೆ ಹೆಚ್ಚಾಗಿ 40 ದಾಟಿದವರು ಬರ್ತಾರೆ, ಕೆಳಗಿನ ಚೀಲ ಮನೆತನದಿಂದ ಬಂದಿದ್ರೆ 25–30ಕ್ಕೇ ಇರುತ್ತೆ.

ಯಾರು ಮಾಡಿಸ್ಬಾರ್ದು, ಅಥವಾ ಕಾಯಬೇಕು?

ಒಣಗಣ್ಣು ಇರೋರು ತುಂಬಾ ಯೋಚಿಸ್ಬೇಕು. ಸರ್ಜರಿ ಆದ್ಮೇಲೆ ರೆಪ್ಪೆ ಸ್ವಲ್ಪ ದಿನ ಪೂರ್ತಿ ಮುಚ್ಚಲ್ಲ, ಕಣ್ಣು ಮಿಟುಕಿಸೋದೂ ಕಮ್ಮಿ ಆಗುತ್ತೆ, ಮೊದಲೇ ಒಣಗಿರೋ ಕಣ್ಣಿಗೆ ಅದು ನರಕ. ಅದಕ್ಕೇ ಒಳ್ಳೆ ಡಾಕ್ಟರ್ ಮೊದಲು ಕಣ್ಣೀರು ಟೆಸ್ಟ್ ಮಾಡ್ತಾರೆ, ಸಣ್ಣ ಕಾಗದದ ಪಟ್ಟಿ ಕೆಳರೆಪ್ಪೆಗೆ ಸಿಗಿಸಿ ಐದು ನಿಮಿಷ ಬಿಡೋದು. ಲೇಸಿಕ್ (ಕನ್ನಡಕ ಬಿಡಿಸೋ ಲೇಸರ್ ಆಪರೇಷನ್) ಮಾಡಿಸಿದ್ರೆ ಸಾಮಾನ್ಯವಾಗಿ ಆರು ತಿಂಗಳು ಕಾಯಿರಿ ಅಂತಾರೆ. ಥೈರಾಯ್ಡ್‌ನಿಂದ ಕಣ್ಣು ಮುಂದೆ ಬಂದಿರೋರು ಆ ಕಾಯಿಲೆ ಕನಿಷ್ಠ ಆರು ತಿಂಗಳು ಬದಲಾಗದೆ ನಿಂತ ಮೇಲೇ. ಬಿಪಿ, ಶುಗರ್ ಕಂಟ್ರೋಲ್‌ನಲ್ಲಿ ಇರ್ಲೇಬೇಕು, ಸಿಗರೇಟು ಸೇದೋರಿಗೆ ಗಾಯ ನಿಧಾನ. ಗ್ಲಾಕೋಮಾ (ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗೋ ಕಾಯಿಲೆ) ಇದ್ರೆ, ಅದಕ್ಕೆ ಡ್ರಾಪ್ಸ್ ಹಾಕ್ತಿದ್ರೆ ಹೇಳಿ, ಕೆಲವು ಗ್ಲಾಕೋಮಾ ಡ್ರಾಪ್ಸೇ ಕಣ್ಣಿನ ಸುತ್ತಲಿನ ಕೊಬ್ಬು ಕರಗಿಸಿ ಹಳ್ಳ ಮಾಡ್ತವೆ, ಚರ್ಮ ಕಪ್ಪು ಮಾಡ್ತವೆ.

ಇನ್ನೊಂದು ಗುಂಪು ಇದೆ, ಹೇಳಿದ್ರೆ ಬೇಜಾರಾಗಬಹುದು. ಬೇರೆ ಯಾರಿಗೂ ಕಾಣದ ಸಣ್ಣ ವ್ಯತ್ಯಾಸಾನ ದಿನಾ ಗಂಟೆಗಟ್ಟಲೆ ಕನ್ನಡೀಲಿ ನೋಡೋರು, ಅಥವಾ ಇದೊಂದು ಸರಿಯಾದ್ರೆ ಸಂಸಾರ ಸರಿಯಾಗುತ್ತೆ, ಕೆಲಸ ಸಿಗುತ್ತೆ ಅಂದ್ಕೊಂಡಿರೋರು. ಅವರಿಗೆ ಸರ್ಜರಿ ಎಷ್ಟೇ ಚೆನ್ನಾಗಿ ಆದ್ರೂ ಸಮಾಧಾನ ಸಿಗಲ್ಲ. ಮೊದಲು ಕೌನ್ಸೆಲರ್ ಹತ್ರ ಮಾತಾಡಿ.

ಯಾವ ಡಾಕ್ಟರ್ ಹತ್ರ ಹೋಗ್ಬೇಕು, ಏನ್ ಕೇಳ್ಬೇಕು?

ಆಕ್ಯುಲೋಪ್ಲಾಸ್ಟಿಕ್ ಸರ್ಜನ್ ಅಂದ್ರೆ ಕಣ್ಣಿನ ಡಾಕ್ಟರ್ ಆಗಿ ಆಮೇಲೆ ರೆಪ್ಪೆ ಸರ್ಜರಿಲಿ ಟ್ರೈನಿಂಗ್ ಮಾಡಿದವರು, ಇಲ್ಲಾಂದ್ರೆ ಪ್ಲಾಸ್ಟಿಕ್ ಸರ್ಜನ್. ಯಾರೇ ಆದ್ರೂ ರೆಪ್ಪೆ ಆಪರೇಷನ್ ಆಗಾಗ ಮಾಡೋರಾ ಅಂತ ನೋಡಿ, ವರ್ಷಕ್ಕೊಂದು ಸಲ ಮಾಡೋರು ಬೇಡ. ಕೇಳ್ಬೇಕಾದ್ದು: ನನ್ನ ಸಮಸ್ಯೆ ಚರ್ಮದ್ದಾ ಕೊಬ್ಬಿಂದಾ ಸ್ನಾಯುದಾ ಹುಬ್ಬಿಂದಾ, ಎಷ್ಟು ತೆಗೀತೀರಾ ಯಾಕೆ, ನೀವೇ ಮಾಡ್ತೀರಾ ಅಥವಾ ಬೇರೆಯವರಾ, ರಾತ್ರಿ ತೊಂದರೆ ಆದ್ರೆ ಯಾವ ನಂಬರ್‌ಗೆ ಫೋನ್ ಮಾಡ್ಲಿ. ಕೊನೆ ಪ್ರಶ್ನೆಗೆ ತಡಬಡಾಯಿಸಿದ್ರೆ ಎದ್ದು ಬನ್ನಿ. ಫೋಟೋ ತೋರಿಸಿದ್ರೆ ಮೊದಲಿನದ್ದು ಆಮೇಲಿನದ್ದು ಒಂದೇ ಬೆಳಕಲ್ಲಿ ತೆಗೆದಿದ್ದಾ ನೋಡಿ, ಮೊದಲಿನದ್ದರಲ್ಲಿ ಮೇಲಿಂದ ಲೈಟು, ಆಮೇಲಿನದ್ದರಲ್ಲಿ ಎದುರಿಂದ ಲೈಟು ಜೊತೆಗೆ ಮೇಕಪ್ಪು ಇದ್ರೆ ಆ ಫೋಟೋ ಲೆಕ್ಕಕ್ಕಿಲ್ಲ. ಮೊದಲ ದಿನಾನೇ "ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟ್" ಅನ್ನೋ ಕಡೆಗೂ ನನಗಂತೂ ನಂಬಿಕೆ ಇಲ್ಲ.

ಮಾತ್ರೆ ಯಾವ್ದಾದ್ರೂ ನಿಲ್ಲಿಸ್ಬೇಕಾ?

ರಕ್ತ ತೆಳು ಮಾಡೋ ಮಾತ್ರೆ, ಆಸ್ಪಿರಿನ್, ಐಬುಪ್ರೊಫೆನ್ ತರದ ನೋವಿನ ಮಾತ್ರೆ, ವಿಟಮಿನ್ ಇ, ಮೀನೆಣ್ಣೆ ಕ್ಯಾಪ್ಸೂಲ್, ಗಿಡಮೂಲಿಕೆ ಔಷಧಿ ಎಲ್ಲಾ ಲಿಸ್ಟ್ ಮಾಡಿ ಕೊಡಿ, ಇವು ರಕ್ತಸ್ರಾವ ಹೆಚ್ಚು ಮಾಡಬಹುದು. ಆದ್ರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದವರು, ಸ್ಟ್ರೋಕ್ ಆದವರು ತಾವಾಗೇ ನಿಲ್ಲಿಸೋಕೆ ಹೋಗ್ಬೇಡಿ, ಆ ಮಾತ್ರೆ ಬರೆದುಕೊಟ್ಟ ಡಾಕ್ಟರ್ ಹೇಳಿದ್ರೆ ಮಾತ್ರ. ಅಂದಕ್ಕೋಸ್ಕರ ಮಾಡೋ ಸರ್ಜರಿಗೆ ಹೃದಯ ಪಣಕ್ಕಿಡೋದು ಯಾವ ಬುದ್ಧಿವಂತಿಕೆ.

ಪ್ರಜ್ಞೆ ಇರುತ್ತಾ? ನೋವಾಗುತ್ತಾ?

ಮೇಲಿನ ರೆಪ್ಪೆ ಹೆಚ್ಚಾಗಿ ಲೋಕಲ್ ಅನಸ್ತೇಷಿಯಾದಲ್ಲೇ ಮಾಡ್ತಾರೆ, ಬೇಕಾದ್ರೆ ಮಂಪರು ಬರೋ ಇಂಜೆಕ್ಷನ್ ಸೇರಿಸ್ತಾರೆ. ಕೆಳಗಿನದ್ದಕ್ಕೆ ಮಂಪರು ಅಥವಾ ಪೂರ್ತಿ ಅನಸ್ತೇಷಿಯಾ. ಮೇಲಿನದ್ದು ಎರಡೂ ಕಣ್ಣು ಸೇರಿ ಸುಮಾರು ಒಂದು ಗಂಟೆ, ಕೆಳಗಿನದ್ದು ಇನ್ನೂ ಸ್ವಲ್ಪ ಜಾಸ್ತಿ, ಅವತ್ತೇ ಮನೆಗೆ. ಉರಿಯೋದು ಮರಗಟ್ಟಿಸೋ ಸೂಜಿ ಚುಚ್ಚಿದಾಗ, ಅರ್ಧ ನಿಮಿಷ ಕಣ್ಣಲ್ಲಿ ನೀರು ಬರೋಷ್ಟು ಚುರುಗುಟ್ಟುತ್ತೆ, ಆಮೇಲೆ ಎಳೆದಂಗೆ ಒತ್ತಿದಂಗೆ ಅನ್ಸುತ್ತೆ ಅಷ್ಟೇ. ಮಧ್ಯದಲ್ಲಿ "ಕಣ್ಣು ಬಿಡಿ, ಮೇಲೆ ನೋಡಿ" ಅಂತ ಹೇಳ್ತಾರೆ, ಎರಡೂ ಕಡೆ ಸಮ ಇದೆಯಾ ನೋಡೋಕೆ, ಗಾಬರಿ ಆಗ್ಬೇಡಿ.

ಎಷ್ಟು ಚರ್ಮ ತೆಗೀಬೇಕು ಅಂತ ಹೆಂಗೆ ಗೊತ್ತಾಗುತ್ತೆ? ಜಾಸ್ತಿ ತೆಗೆದ್ರೆ ಜಾಸ್ತಿ ದಿನ ಬರುತ್ತಲ್ವಾ?

ಇಲ್ಲ, ಈ ಆಸೆನೇ ಬೇಡ. ನಮ್ಮಕ್ಕನ್ನ ಆಪರೇಷನ್ ಟೇಬಲ್ ಮೇಲೆ ಮಲಗಿಸೋಕೆ ಮುಂಚೆ ಕುರ್ಚಿ ಮೇಲೆ ನೇರ ಕೂರಿಸಿ ಮಾರ್ಕ್ ಮಾಡಿದ್ರು, ಯಾಕಂದ್ರೆ ಮಲಗಿದ್ರೆ ಚರ್ಮ ಕಿವಿ ಕಡೆ ಜಾರಿ ಲೆಕ್ಕ ತಪ್ಪುತ್ತೆ. ನೇರಳೆ ಪೆನ್ನಲ್ಲಿ ಮಡಿಕೆ ಗೆರೆ ಎಳೆದು, ಚಿಮಟದಲ್ಲಿ ಅದರ ಮೇಲಿನ ಚರ್ಮ ಮೆಲ್ಲಗೆ ಹಿಡಿದು ನೋಡಿದ್ರು, ಹಿಡಿದಾಗ ಎವೆ ಸ್ವಲ್ಪ ಅಲ್ಲಾಡಬೇಕು ಆದ್ರೆ ಕಣ್ಣು ತೆರ್ಕೋಬಾರ್ದು. ಆಮೇಲೆ ಸಣ್ಣ ಅಳತೆ ಕಡ್ಡಿ ಇಟ್ಟು ಹುಬ್ಬಿನ ಕೆಳಗಿನ ಅಂಚಿಂದ ಎವೆವರೆಗೆ ಉಳಿಯೋ ಚರ್ಮ ಅಳೆದ್ರು. ಸಾಮಾನ್ಯ ನಿಯಮ ಏನಂದ್ರೆ ಕನಿಷ್ಠ 20 ಮಿಲಿಮೀಟರ್ ಉಳಿಸ್ಬೇಕು, ಅದಕ್ಕಿಂತ ಕಮ್ಮಿ ಆದ್ರೆ ಕಣ್ಣು ಮುಚ್ಚೋದೇ ಕಷ್ಟ. ಅಕ್ಕ "ಇನ್ನೂ ಸ್ವಲ್ಪ ತೆಗೀರಿ ಡಾಕ್ಟ್ರೇ" ಅಂದ್ಲು, ಅವರು "ಬೇಕಾದ್ರೆ ಮುಂದಿನ ಸಲ ಇನ್ನೊಂದು ಚೂರು ತೆಗೀಬಹುದಮ್ಮ, ತೆಗೆದಿದ್ದನ್ನ ವಾಪಸ್ ಇಡೋಕೆ ಕಿವಿ ಹಿಂದಿಂದ ಚರ್ಮ ತಂದು ಕಸಿ ಮಾಡ್ಬೇಕಾಗುತ್ತೆ" ಅಂದ್ರು. ಅಲ್ಲಿಗೆ ಆ ಮಾತು ಮುಗೀತು. ಕೊಬ್ಬಿನ ವಿಷಯದಲ್ಲೂ ಅಷ್ಟೇ, ಜಾಸ್ತಿ ತೆಗೆದ್ರೆ ಕೆಲವು ವರ್ಷಕ್ಕೆ ಕಣ್ಣು ಗುಳಿಬಿದ್ದು ಇದ್ದಿದ್ದಕ್ಕಿಂತ ವಯಸ್ಸಾದಂಗೆ ಕಾಣುತ್ತೆ.

ಚೇತರಿಸ್ಕೊಳ್ಳೋಕೆ ಎಷ್ಟು ದಿನ?

ಮೊದಲ ಎರಡು ಮೂರು ದಿನ ಊತ ಏರ್ತಾ ಹೋಗುತ್ತೆ, ಮೂರನೇ ದಿನ ಕನ್ನಡಿ ನೋಡಿದವರು ಹೆಚ್ಚಿನವರು "ಯಾಕಪ್ಪಾ ಮಾಡಿಸ್ಕೊಂಡೆ" ಅಂತಾನೇ ಅಂತಾರೆ. ರೆಪ್ಪೆ ನೇರಳೆ ಬಣ್ಣ, ಆಮೇಲೆ ಹಸಿರು ಹಳದಿ ಆಗಿ ಕೆನ್ನೆವರೆಗೂ ಇಳಿಯುತ್ತೆ. ಮೊದಲ 48 ಗಂಟೆ ಎಚ್ಚರ ಇದ್ದಾಗ ತಣ್ಣನೆ ಬಟ್ಟೆ ಇಡ್ಬೇಕು, ಐಸ್ ನೇರ ಚರ್ಮಕ್ಕೆ ತಾಗಿಸ್ಬೇಡಿ, ಮರಗಟ್ಟಿರೋ ಜಾಗ ಸುಟ್ಟಿದ್ದೂ ಗೊತ್ತಾಗಲ್ಲ. ತಲೆ ಎತ್ತರ ಇಟ್ಕೊಂಡು ಮಲಗಿ. ಮುಲಾಮು ಹಾಕಿದ್ದಕ್ಕೆ ಮಂಜು ಮಂಜಾಗಿ ಕಾಣೋದು ಸಹಜ. ಸ್ಟಿಚ್ 5ರಿಂದ 7ನೇ ದಿನ ಬಿಚ್ತಾರೆ, ಇರುವೆ ಕಚ್ಚಿದಷ್ಟು ಅಷ್ಟೇ. ಕಂಪ್ಯೂಟರ್ ಮುಂದೆ ಕೂರೋ ಕೆಲಸ ಆದ್ರೆ ಒಂದು ವಾರ ಹತ್ತು ದಿನಕ್ಕೆ ಹೋಗಬಹುದು, ಬಣ್ಣ ಪೂರ್ತಿ ಹೋಗೋಕೆ ಎರಡು ವಾರ. ಭಾರ ಎತ್ತೋದು, ಬಗ್ಗೋದು, ಜಿಮ್ಮು, ಕಣ್ಣಿನ ಮೇಕಪ್ಪು, ಕಾಂಟ್ಯಾಕ್ಟ್ ಲೆನ್ಸು ಇವೆಲ್ಲ ಹತ್ತತ್ರ ಎರಡು ವಾರ ಬೇಡ, ಕೆಲವರಿಗೆ ಇನ್ನೂ ಜಾಸ್ತಿ ಹೇಳ್ತಾರೆ. ಗಾಯದ ಮೇಲಿನ ಚರ್ಮ, ಎವೆ ಬುಡ ವಾರಗಟ್ಟಲೆ ಜೋಮು ಹಿಡಿದಂಗಿರುತ್ತೆ. ನಿಜವಾದ ರಿಸಲ್ಟ್ ನೋಡೋಕೆ 3ರಿಂದ 6 ತಿಂಗಳು ಬೇಕು, ಒಂದು ತಿಂಗಳಿಗೇ ಎಡಗಣ್ಣು ಬಲಗಣ್ಣು ಸಮ ಇಲ್ಲ ಅಂತ ಅಳ್ಬೇಡಿ, ಊತ ಎರಡೂ ಕಡೆ ಒಂದೇ ಸ್ಪೀಡಲ್ಲಿ ಇಳಿಯಲ್ಲ.

ಗಾಯದ ಗುರುತು ಉಳಿಯುತ್ತಾ?

ಮೇಲಿನ ರೆಪ್ಪೆದು ಮಡಿಕೆಯೊಳಗೆ ಅಡಗುತ್ತೆ, ಹೊರ ತುದಿಯಲ್ಲಿ ಮಾತ್ರ ಕೆಲವು ತಿಂಗಳು ತೆಳು ಗೆರೆ ಕಾಣುತ್ತೆ. ಬಿಸಿಲಿಗೆ ಹೋದ್ರೆ ಕಪ್ಪಾಗಬಹುದು, ಕೂಲಿಂಗ್ ಗ್ಲಾಸ್ ಹಾಕಿ, ಡಾಕ್ಟರ್ ಹೇಳಿದ ಮೇಲೆ ಸನ್‌ಸ್ಕ್ರೀನ್ ಹಚ್ಚಿ.

ಕಣ್ಣೇ ಹೋಗುತ್ತೆ ಅಂತಾರಲ್ಲ, ನಿಜಾನಾ?

ಸಾಧ್ಯತೆ ಇದೆ, ತುಂಬಾ ತುಂಬಾ ಅಪರೂಪ. ಕಣ್ಣುಗುಡ್ಡೆ ಹಿಂದೆ ರಕ್ತ ಸೋರಿ ಒತ್ತಡ ಏರಿ ನರಕ್ಕೆ ರಕ್ತ ಸಿಗದೇ ಹೋಗೋದು ಇದರ ಕಾರಣ. ಹಂಗೆ ರಕ್ತ ಸೋರೋದು ಸುಮಾರು 2000ದಲ್ಲಿ ಒಬ್ಬರಿಗೆ, ಅದರಲ್ಲೂ ದೃಷ್ಟಿ ಶಾಶ್ವತವಾಗಿ ಹೋಗೋದು ಇನ್ನೂ ಎಷ್ಟೋ ಕಮ್ಮಿ. ಆದ್ರೆ ಅದಾದಾಗ ಗಂಟೆಗಳಲ್ಲ, ನಿಮಿಷಗಳು ಮುಖ್ಯ. ಹೆಚ್ಚಾಗಿ ಮೊದಲ 24 ಗಂಟೇಲಿ ಆಗುತ್ತೆ. ಒಂದೇ ಕಣ್ಣಲ್ಲಿ ಜೋರು ನೋವು, ಕಣ್ಣು ಮುಂದೆ ತಳ್ಳಿದಂಗೆ ಗಟ್ಟಿಯಾಗೋದು, ದೃಷ್ಟಿ ಮಬ್ಬಾಗ್ತಾ ಹೋಗೋದು ಕಂಡ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಆ ಕೂಡ್ಲೇ ಸ್ಟಿಚ್ ಬಿಚ್ಚಿ ಒತ್ತಡ ಇಳಿಸ್ಬೇಕು. ಅದಕ್ಕೇ ಮೊದಲ ರಾತ್ರಿ ಒಬ್ಬರೇ ಇರ್ಬೇಡಿ. ಜೊತೆಗಿರೋರು ಆಗಾಗ ಒಂದೊಂದೇ ಕಣ್ಣು ಬಿಡಿಸಿ ಬೆರಳು ತೋರಿಸಿ ಎಷ್ಟು ಅಂತ ಕೇಳ್ತಿರ್ಲಿ, ನಾನು ಅದನ್ನೇ ಮಾಡಿದ್ದು, ಅಕ್ಕ ಬೈಕೊಂಡ್ಲು, ಬೈಕೊಳ್ಲಿ.

ಇದಕ್ಕಿಂತ ಸಾಮಾನ್ಯವಾದ ತೊಂದರೆಗಳು ಬೇರೆ ಇವೆ: ಕಣ್ಣು ಒಣಗೋದು, ಕೆಂಪಾಗೋದು, ಬಿಳಿಗುಡ್ಡೆ ಮೇಲಿನ ಪೊರೆ ನೀರು ತುಂಬಿ ಉಬ್ಬೋದು, ಹೊಲಿಗೆ ಜಾಗದಲ್ಲಿ ಸಣ್ಣ ಬಿಳಿ ಗುಳ್ಳೆ, ಎರಡು ಕಣ್ಣು ಸ್ವಲ್ಪ ಬೇರೆ ಬೇರೆ ಕಾಣೋದು. ಕೆಳರೆಪ್ಪೆ ಸರ್ಜರಿಲಿ ಭಯಪಡಬೇಕಾದ್ದು ರೆಪ್ಪೆ ಕೆಳಗೆ ಎಳೆದು ಬಿಳಿ ಭಾಗ ಜಾಸ್ತಿ ಕಾಣೋದು ಅಥವಾ ಹೊರಕ್ಕೆ ತಿರುಗೋದು, ರೆಪ್ಪೆ ಮೊದಲೇ ಸಡಿಲ ಇರೋರಿಗೆ ಇದು ಜಾಸ್ತಿ, ಅವರಿಗೆ ಹೊರಮೂಲೆ ಬಿಗಿ ಮಾಡೋದೂ ಸೇರಿಸ್ತಾರೆ.

ಮುಖಾನೇ ಬದಲಾಗ್ಬಿಡುತ್ತಾ?

ಚೆನ್ನಾಗಿ ಮಾಡಿದ್ರೆ ಜನ "ರಜೆಗೆ ಹೋಗಿದ್ರಾ" ಅಂತ ಕೇಳ್ತಾರೆ, ಸರ್ಜರಿ ಅಂತ ಹಿಡಿಯಲ್ಲ. ಒಂದು ವಿಷಯ ಮೊದಲೇ ಗೊತ್ತಿರ್ಲಿ. ರೆಪ್ಪೆ ಭಾರ ಇರೋರು ಗೊತ್ತಿಲ್ದೇನೇ ದಿನವಿಡೀ ಹುಬ್ಬು ಎತ್ತಿ ಹಿಡಿದಿರ್ತಾರೆ, ಹಣೆ ಮೇಲೆ ಅಡ್ಡ ಗೆರೆ ಬಿದ್ದಿರುತ್ತೆ. ಭಾರ ಹೋದ್ಮೇಲೆ ಹಣೆ ವಿಶ್ರಾಂತಿ ತಗೊಳ್ಳುತ್ತೆ, ಗೆರೆ ಕಮ್ಮಿ ಆಗುತ್ತೆ, ಆದ್ರೆ ಹುಬ್ಬೂ ಒಂಚೂರು ಇಳಿಯುತ್ತೆ. ಗಂಡಸರು ಮಾಡಿಸ್ಕೊಳ್ಳೋದಾದ್ರೆ ಮಡಿಕೆ ಗೆರೆ ತುಂಬಾ ಮೇಲೆ ಹೋಗ್ಬಾರ್ದು ಅಂತ ಬಾಯಿಬಿಟ್ಟು ಹೇಳಿ, ಹೆಂಗಸರಿಗೆ ಅದು ಎವೆಯಿಂದ 8–10 ಮಿಲಿಮೀಟರ್ ಮೇಲಿದ್ರೆ ಗಂಡಸರಿಗೆ ಅದಕ್ಕಿಂತ ಕೆಳಗೆ ಇರುತ್ತೆ.

ಡಬಲ್ ಐಲಿಡ್ ಸರ್ಜರಿ ಅಂತಾರಲ್ಲ, ಅದೂ ಇದೇನಾ?

ಹತ್ತಿರದ ಸಂಬಂಧಿ, ಆದ್ರೆ ಉದ್ದೇಶ ಬೇರೆ. ಪೂರ್ವ ಏಷ್ಯಾದ ತುಂಬಾ ಜನಕ್ಕೆ ಹುಟ್ಟಿಂದಲೇ ಮೇಲಿನ ರೆಪ್ಪೆಲಿ ಮಡಿಕೆ ಇರಲ್ಲ, ಆ ಮಡಿಕೆ ಮಾಡೋ ಸರ್ಜರಿ ಅದು. ಜಪಾನಿನ ಮಿಕಾಮೊ ಅನ್ನೋ ಡಾಕ್ಟರ್ 1896ರಲ್ಲೇ ಇದರ ಬಗ್ಗೆ ಬರೆದಿದ್ರು. ಬರೀ ಹೊಲಿಗೆ ಹಾಕಿ ಮಾಡೋದೂ ಇದೆ, ಕೊಯ್ದು ಮಾಡೋದೂ ಇದೆ, ಬರೀ ಹೊಲಿಗೆದು ಕೆಲವರಿಗೆ ವರ್ಷಗಳಾದ್ಮೇಲೆ ಬಿಟ್ಕೊಳ್ಳುತ್ತೆ.

ಎಷ್ಟು ವರ್ಷ ಬಾಳಿಕೆ ಬರುತ್ತೆ?

ಮೇಲಿನದ್ದು ಸುಮಾರು ಹತ್ತು ವರ್ಷ ಅಥವಾ ಜಾಸ್ತಿ, ಕೆಳಗಿನ ಕೊಬ್ಬು ಸಾಮಾನ್ಯವಾಗಿ ಮತ್ತೆ ಆ ಮಟ್ಟಕ್ಕೆ ಬರಲ್ಲ. ಚರ್ಮಕ್ಕೆ ವಯಸ್ಸಾಗೋದು, ಹುಬ್ಬು ಇಳಿಯೋದು ಮಾತ್ರ ನಿಲ್ಲಲ್ಲ.

ಇನ್ಶೂರೆನ್ಸ್ ಕೊಡುತ್ತಾ?

ಬರೀ ಅಂದಕ್ಕೆ ಅಂದ್ರೆ ಸಾಮಾನ್ಯವಾಗಿ ಕೊಡಲ್ಲ. ಚರ್ಮ ಇಳಿದು ಮೇಲಿನ, ಪಕ್ಕದ ನೋಟಾನೇ ಮುಚ್ತಿದೆ ಅಂತ ತೋರಿಸೋಕಾದ್ರೆ ಕೆಲವು ಕಡೆ ಕೊಡ್ತಾರೆ, ಅದಕ್ಕೆ ವಿಷುವಲ್ ಫೀಲ್ಡ್ ಟೆಸ್ಟ್ (ಸುತ್ತಮುತ್ತ ಎಷ್ಟು ದೂರದವರೆಗೆ ಕಾಣುತ್ತೆ ಅನ್ನೋ ಪರೀಕ್ಷೆ) ಎರಡು ಸಲ ಮಾಡ್ತಾರೆ, ಒಂದು ಸಲ ರೆಪ್ಪೆ ಇದ್ದಂಗೆ, ಇನ್ನೊಂದು ಸಲ ಟೇಪ್ ಹಾಕಿ ಎತ್ತಿ, ಎರಡರ ವ್ಯತ್ಯಾಸ ಸಾಕ್ಷಿ. ಸರ್ಜರಿಗೆ ಮುಂಚೆನೇ ಒಪ್ಪಿಗೆ ತಗೊಳ್ಳಿ. ಖರ್ಚು ಕೇಳುವಾಗ ಸರ್ಜನ್ ಫೀಸ್ ಒಂದೇ ಕೇಳ್ಬೇಡಿ, ಆಪರೇಷನ್ ಥಿಯೇಟರ್, ಅನಸ್ತೇಷಿಯಾ, ಔಷಧಿ, ಫಾಲೋಅಪ್, ಸರಿಯಾಗ್ಲಿಲ್ಲ ಅಂದ್ರೆ ಎರಡನೇ ಸಲದ್ದು ಯಾರು ಕೊಡ್ತಾರೆ ಅನ್ನೋದು, ಎಲ್ಲಾ ಬರವಣಿಗೇಲಿ ಇರ್ಲಿ.

ಕನ್ನಡಕದ ನಂಬರ್ ಬದಲಾಗುತ್ತಾ?

ಸ್ವಲ್ಪ ಬದಲಾಗಬಹುದು. ರೆಪ್ಪೆಯ ಭಾರ ಕಾರ್ನಿಯಾನ, ಅಂದ್ರೆ ಕರಿಗುಡ್ಡೆ ಮೇಲಿನ ಪಾರದರ್ಶಕ ಪದರಾನ, ಒತ್ತಿರುತ್ತೆ, ಆ ಭಾರ ಹೋದ್ಮೇಲೆ ಸಿಲಿಂಡರ್ ಪವರ್ (ಕಾರ್ನಿಯಾದ ಓರೆ ಸರಿಮಾಡೋ ನಂಬರ್) ಒಂಚೂರು ಆಕಡೆ ಈಕಡೆ ಆಗುತ್ತೆ. ಹೊಸ ಕನ್ನಡಕ ಮಾಡಿಸೋ ಪ್ಲಾನ್ ಇದ್ರೆ ಸರ್ಜರಿ ಆಗಿ ಎರಡು ಮೂರು ತಿಂಗಳು ಬಿಟ್ಟು ಟೆಸ್ಟ್ ಮಾಡಿಸಿ, ಅಲ್ಲಿವರೆಗೆ ಹಳೇದ್ರಲ್ಲೇ ನಡೆಸಿ.